ನಾಲ್ವರು ಹೆಲಿಕಾಪ್ಟರ್ ಪೈಲಟ್‌ಗಳಿಗೆ ತುರ್ತು ಪರಿಸ್ಥಿತಿಯ ಉನ್ನತ ತರಬೇತಿಯನ್ನು ಕಡಿಮೆ ಖರ್ಚಿನಲ್ಲಿ ಏರ್ಪಡಿಸುವುದು ಹೇಗೆ?

ಬೆಂಗಳೂರಿನ ಚಿಕ್ಕ ಚಾರ್ಟರ್ ಸಂಸ್ಥೆ, ಎರಡು ಬೆಲ್ 407 (ಒಂದೇ ಎಂಜಿನ್ನಿನ ಹೆಲಿಕಾಪ್ಟರ್), ಹೊರಗಿನಿಂದ ಒಬ್ಬ ತರಬೇತುದಾರರನ್ನು ಕರೆಸಿ ಸ್ವಂತ ಹೆಲಿಕಾಪ್ಟರಿನಲ್ಲೇ ಎರಡು ದಿನದಲ್ಲಿ ಮುಗಿಸುವ ಯೋಚನೆ: ನಿಮ್ಮ ಈ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಾನೇ ಬರೆದಿರಬಹುದಿತ್ತು. ನಮ್ಮ ಬಳಿ ಇದ್ದದ್ದು ಒಂದೇ ಹೆಲಿಕಾಪ್ಟರ್. ಹಾರಾಟ ವಿಭಾಗದ ಹೊಣೆ ನನ್ನದಾಗಿತ್ತು.

ಬಂದ ತರಬೇತುದಾರರು ಪಳಗಿದ ಕೈ. ಮೊದಲ ದಿನ ಬೆಳಿಗ್ಗೆ ಆಟೊರೊಟೇಶನ್ (ಎಂಜಿನ್ ಶಕ್ತಿಯಿಲ್ಲದೆ, ಗಾಳಿಯಿಂದಲೇ ತಿರುಗುವ ರೋಟರಿನ ಆಸರೆಯಲ್ಲಿ ಇಳಿಯುವುದು) ಅಭ್ಯಾಸವನ್ನು ನೆಲದಿಂದ ಕೆಲವು ಅಡಿ ಮೇಲೆ ನಿಲ್ಲಿಸಿ, ಮತ್ತೆ ಎಂಜಿನ್ ಶಕ್ತಿಯನ್ನು ಪಡೆದು ಮೇಲೇರುವ ಕ್ರಮದಲ್ಲಿ ಮಾಡಿಸಿದರು. ಎಲ್ಲವೂ ಚೆನ್ನಾಗಿಯೇ ನಡೆಯಿತು. ಹಾಗಾದರೆ ನೆಲ ಮುಟ್ಟುವವರೆಗೂ ಮಾಡಿಬಿಡೋಣ ಎಂದು ಪೈಲಟ್‌ಗಳು ಕೇಳಿದರು, ನಾನು ಒಪ್ಪಿದೆ. ಮರುದಿನ ಬೆಳಗಿನ ಹೊತ್ತು ಚಾರ್ಟರ್‌ಗೆ ಮೀಸಲಾಗಿದ್ದರಿಂದ ತರಬೇತಿ ಮಧ್ಯಾಹ್ನಕ್ಕೆ ಹೋಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಹೆಲಿಕಾಪ್ಟರ್ ಹೆಚ್ಚು ವೇಗವಾಗಿ ಇಳಿಯುತ್ತದೆ, ಕೊನೆಯಲ್ಲಿ ಕಲೆಕ್ಟಿವ್ (ಏರಿಳಿತದ ಹಿಡಿ) ಎಳೆದಾಗ ಸಿಗುವ ಆಸರೆ ಕಡಿಮೆಯಾಗುತ್ತದೆ. ಒಂದು ಇಳಿತದಲ್ಲಿ ಸ್ಕಿಡ್‌ಗಳ (ಚಕ್ರದ ಬದಲಿರುವ ಉದ್ದನೆಯ ಕಾಲುಗಳ) ಹಿಂಭಾಗ ಮೊದಲು ನೆಲಕ್ಕೆ ತಾಗಿ ಮೂಗು ಮುಂದಕ್ಕೆ ಕುಸಿಯಿತು. ಪೈಲಟ್ ತನಗರಿವಿಲ್ಲದೆಯೇ ಸೈಕ್ಲಿಕ್ಕನ್ನು (ಹೆಲಿಕಾಪ್ಟರನ್ನು ಹಿಂದೆ ಮುಂದೆ, ಅಕ್ಕಪಕ್ಕ ಬಾಗಿಸುವ ಹಿಡಿ) ಹಿಂದಕ್ಕೆ ಎಳೆದರು. ವೇಗ ಕಳೆದುಕೊಂಡು ಬಾಗಿದ್ದ ರೋಟರ್ ಬ್ಲೇಡು ಟೇಲ್ ಬೂಮಿಗೆ, ಅಂದರೆ ಬಾಲದ ಉದ್ದನೆಯ ಭಾಗಕ್ಕೆ, ಬಡಿಯಿತು. ಯಾರಿಗೂ ಗಾಯವಾಗಲಿಲ್ಲ.

ನಮ್ಮನ್ನು ಮುಳುಗಿಸಿದ್ದು ಆ ಪೆಟ್ಟಲ್ಲ, ನಾನು ಓದದ ವಿಮಾ ಪಾಲಿಸಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂಥದ್ದೇ ಷರತ್ತುಗಳು ನಿಮ್ಮ ಪಾಲಿಸಿಯಲ್ಲೂ ಇರುವ ಸಾಧ್ಯತೆಯಿದೆ. ಹೆಲಿಕಾಪ್ಟರನ್ನು ಯಾವ ಯಾವ ಉದ್ದೇಶಕ್ಕೆ ಬಳಸಬಹುದು ಎಂಬ ಭಾಗದಲ್ಲಿ ಬಾಡಿಗೆ ಹಾರಾಟ ಎಂದಿತ್ತು, ತರಬೇತಿ ಎಂದಿರಲಿಲ್ಲ. ಯಾರು ಹಾರಿಸಬಹುದು ಎಂಬ ಪಟ್ಟಿಯಲ್ಲಿ ನಮ್ಮ ಪೈಲಟ್‌ಗಳ ಹೆಸರುಗಳಿದ್ದವು, ಹೊರಗಿನಿಂದ ಬಂದ ತರಬೇತುದಾರರ ಹೆಸರು ಇರಲಿಲ್ಲ. ಅವರ ಅನುಭವ ನಮ್ಮೆಲ್ಲರ ಅನುಭವಕ್ಕಿಂತ ದೊಡ್ಡದಾಗಿತ್ತು ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ನಾನು ವಿಮಾ ಏಜೆಂಟರಿಗೆ ಮೊದಲೇ ಫೋನ್ ಮಾಡಿದ್ದೆ. "ತೊಂದರೆ ಏನಿಲ್ಲ ಸರ್, ಮಾಡಿಸಿ" ಎಂದಿದ್ದರು. ಆ ಮಾತನ್ನು ನಂಬಿ, ಪಾಲಿಸಿಗೆ ಲಿಖಿತ ತಿದ್ದುಪಡಿ ಮಾಡಿಸಿಕೊಳ್ಳದೆ ಮುಂದುವರಿದೆ. ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಒಂದು ಹಾಳೆ ತರಿಸಿಕೊಂಡಿದ್ದರೆ ಸಾಕಿತ್ತು ಎಂದು ಆಮೇಲೆ ತಿಳಿಯಿತು, ಅಥವಾ ಕಂಪನಿಯವರು ಆ ಹಾಳೆ ಕೊಡಲು ಒಪ್ಪದೆಯೂ ಇರಬಹುದಿತ್ತು, ಆಗ ನಾನು ಆ ಅಭ್ಯಾಸವನ್ನೇ ಕೈಬಿಡುತ್ತಿದ್ದೆ. ಎರಡರಲ್ಲಿ ಯಾವುದು ನಡೆದಿದ್ದರೂ ಸಂಸ್ಥೆ ಉಳಿಯುತ್ತಿತ್ತು. ಪರಿಹಾರದ ಅರ್ಜಿ ತಿರಸ್ಕೃತವಾಯಿತು. ವಿಧಾನಸಭಾ ಚುನಾವಣೆಯ ಹೊತ್ತು, ನಮ್ಮ ವ್ಯವಹಾರಕ್ಕೆ ಸುಗ್ಗಿಯ ಕಾಲ. ಪಕ್ಷದವರಿಂದ ಮುಂಗಡ ಪಡೆದಿದ್ದ ಒಂದೇ ಹೆಲಿಕಾಪ್ಟರ್ ಹ್ಯಾಂಗರಿನಲ್ಲಿ ಬಾಲ ಬಿಚ್ಚಿಕೊಂಡು ನಿಂತಿತ್ತು. ಸಂಸ್ಥೆ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಆದ್ದರಿಂದ ದುಡಿಯುವ ಹೆಲಿಕಾಪ್ಟರಿನಲ್ಲಿ ನೆಲ ಮುಟ್ಟುವ ಆಟೊರೊಟೇಶನ್ ಬೇಡವೇ ಬೇಡ. ಅದು ಬೇಕೆಂದಾದರೆ ಅದನ್ನೇ ದಿನನಿತ್ಯ ಮಾಡಿಸುವವರ ಹೆಲಿಕಾಪ್ಟರಿನಲ್ಲಿ ಮಾಡಿಸಿ. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿರುವ ಬೆಲ್ ಕಂಪನಿಯ ಅಕಾಡೆಮಿ ಅದಕ್ಕೆ ಹೆಸರುವಾಸಿ. ದುಬಾರಿಯೇ, ಆದರೆ ಒಂದು ಟೇಲ್ ಬೂಮಿನ ಮುಂದೆ ಏನೂ ಅಲ್ಲ.

ಇನ್ನು ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂದು ಹೇಳಬೇಕಾಗಿದೆ. ತುರ್ತು ಪರಿಸ್ಥಿತಿ ಎಂದರೆ ಎಂಜಿನ್ ನಿಲ್ಲುವುದು ಎಂದು ನೀವು ಹಿಡಿದುಕೊಂಡಂತಿದೆ. ಕೇದಾರನಾಥದ ದಾರಿಯಲ್ಲಿ 2022ರ ಅಕ್ಟೋಬರ್ 18ರಂದು ಮತ್ತು 2025ರ ಜೂನ್ 15ರಂದು ಬಿದ್ದವು ನಿಮ್ಮದೇ ಮಾದರಿಯ ಬೆಲ್ 407ಗಳು. ಎರಡರಲ್ಲೂ ತಲಾ ಏಳು ಮಂದಿ ತೀರಿಕೊಂಡರು, ಎರಡರಲ್ಲೂ ಮೋಡ ಮುಸುಕಿದ ಕಣಿವೆಯಿತ್ತು. ಹಠಾತ್ತನೆ ಮೋಡದೊಳಗೆ ಸಿಲುಕಿದಾಗ ಹೊರಗೆ ಇಣುಕುವುದನ್ನು ಬಿಟ್ಟು ಉಪಕರಣಗಳನ್ನು ನಂಬಿ ಮೇಲೇರುವುದು ನಿಮ್ಮ ಪೈಲಟ್‌ಗಳಿಗೆ ರೂಢಿಯಾಗಿದೆಯೇ? ಅದನ್ನೂ ಟೇಲ್ ರೋಟರ್ (ಬಾಲದ ತುದಿಯ ಚಿಕ್ಕ ರೋಟರ್) ವೈಫಲ್ಯವನ್ನೂ ನೆಲದ ಮೇಲೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಷ್ಟೇ ಪೂರ್ತಿಯಾಗಿ, ಜೀವಭಯವಿಲ್ಲದೆ ಕಲಿಸಬಹುದು.

ಊರಿನಲ್ಲೇ ಸಿಮ್ಯುಲೇಟರ್ ಇದೆಯಲ್ಲ ಎಂದು ಕಣ್ಣು ಮುಚ್ಚಿ ಹೋಗಬೇಡಿ. ಎಚ್‌ಎಎಲ್ ಮತ್ತು ಕೆನಡಾದ ಸಿಮ್ಯುಲೇಟರ್ ಕಂಪನಿ ಸಿಎಇ ಜಂಟಿಯಾಗಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹ್ಯಾಟ್ಸಾಫ್ ಒಳ್ಳೆಯ ಕೇಂದ್ರವೇ. ಆದರೆ ಅದನ್ನು ಕಟ್ಟಿದ್ದು ಬೆಲ್ 412, ಧ್ರುವ, ಡೌಫಿನ್‌ನಂಥ ಎರಡು ಎಂಜಿನ್‌ಗಳ ಹೆಲಿಕಾಪ್ಟರುಗಳಿಗಾಗಿ. ಡೌಫಿನ್‌ನ ರೋಟರ್ ಬೆಲ್‌ಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ, ಶಕ್ತಿ ಹೆಚ್ಚಿಸಿದಾಗ ಹೆಲಿಕಾಪ್ಟರ್ ತಿರುಗದಂತೆ ತಡೆಯುವ ಪೆಡಲ್‌ಗಳ ಮೇಲೆ ನಿಮ್ಮವರ ಎಡಗಾಲು ಮುಂದೆ ಹೋಗಬೇಕಾದಲ್ಲಿ ಅದು ಬಲಗಾಲನ್ನು ಕೇಳುತ್ತದೆ. ಗಾಬರಿಯ ಹೊತ್ತಿನಲ್ಲಿ ಕಾಲಿಗೆ ತಪ್ಪು ಅಭ್ಯಾಸವಾಗಿರುವುದು ಅಭ್ಯಾಸವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. 407ರದೇ ಸಿಮ್ಯುಲೇಟರ್ ಎಲ್ಲಿದೆಯೋ ಅಲ್ಲಿಗೆ ಕಳುಹಿಸಿ, ಆ ಗಂಟೆಗಳು ಲೆಕ್ಕಕ್ಕೆ ಬರುತ್ತವೆಯೇ ಎಂದು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ಮೊದಲೇ ಬರಹದಲ್ಲಿ ಪಡೆಯಿರಿ.

ಹೋಗುವಾಗ ನಿಮ್ಮ ಹೆಲಿಕಾಪ್ಟರಿನ ತುರ್ತು ಚೆಕ್‌ಲಿಸ್ಟನ್ನೇ ಕೊಟ್ಟು ಕಳುಹಿಸಿ. 2009ರ ಸೆಪ್ಟೆಂಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರಿದ್ದ ಬೆಲ್ 430 ನಲ್ಲಮಲ ಕಾಡಿನಲ್ಲಿ ಬಿದ್ದಾಗ, ಅದರ ಇಬ್ಬರು ಪೈಲಟ್‌ಗಳು ಕೆಟ್ಟ ಹವೆಯ ನಡುವೆ ಹಲವು ನಿಮಿಷಗಳ ಕಾಲ ಟ್ರಾನ್ಸ್‌ಮಿಷನ್ ತೈಲದ ಎಚ್ಚರಿಕೆಯಲ್ಲೇ ಮುಳುಗಿದ್ದರು ಎಂದು ತನಿಖಾ ವರದಿ ಹೇಳಿತು. ನಿಮ್ಮ 407ರಲ್ಲಿ ಬಹುಪಾಲು ಒಬ್ಬರೇ ಇರುತ್ತಾರೆ. ಒಂದು ಕೈ ಸೈಕ್ಲಿಕ್ ಮೇಲಿರುವಾಗ ಇನ್ನೊಂದು ಕೈಯಿಂದ ಯಾವ ಪುಟ ಎಷ್ಟು ಬೇಗ ಸಿಗುತ್ತದೆ ಎಂಬುದನ್ನು ಅಲ್ಲಿ ಪರೀಕ್ಷಿಸಲು ಹೇಳಿ. ಯಾವ ವೈಫಲ್ಯ ಯಾವಾಗ ಬರುತ್ತದೆ ಎಂದು ಪೈಲಟ್‌ಗೆ ಮೊದಲೇ ತಿಳಿಸಬಾರದು ಎಂದು ಒಪ್ಪಂದದಲ್ಲೇ ಬರೆಸಿ. ನಾಲ್ವರನ್ನೂ ಒಟ್ಟಿಗೆ ಕಳುಹಿಸಬೇಡಿ. ಇಬ್ಬಿಬ್ಬರಂತೆ ಕಳುಹಿಸಿದರೆ ಒಂದು ಹೆಲಿಕಾಪ್ಟರಾದರೂ ಹಾರುತ್ತಿರುತ್ತದೆ, ಮೊದಲು ಹೋದವರು ಎಡವಿದ್ದು ಎಲ್ಲಿ ಎಂದು ನೋಡಿ ಎರಡನೆಯವರ ಪಾಠವನ್ನು ಬದಲಿಸಲೂ ಬರುತ್ತದೆ.