ನಯಾಗರಾ ಹತ್ತಿರ ಗದ್ದಲ ಇಲ್ಲದ ಜಾಗ

ನಯಾಗರಾ ನೋಡಿದ ಮೇಲೆ ಅಪ್ಪ ಅಮ್ಮನ ಜೊತೆ ಸುಮ್ನೆ ನಡೆದಾಡಲು ಜಾಗ ಕೇಳಿದ್ದೀರಿ. ಬಕ್‌ಹಾರ್ನ್ ಐಲ್ಯಾಂಡ್ ಸ್ಟೇಟ್ ಪಾರ್ಕ್‌ಗೆ ಹೋಗಿ. ನದಿ ಜಲಪಾತಕ್ಕೆ ಬೀಳುವ ಮೊದಲು, ಅದರ ನಡುವಿನ ಗ್ರ್ಯಾಂಡ್ ಐಲ್ಯಾಂಡಿನ ಉತ್ತರ ತುದಿಯಲ್ಲಿದೆ. ಸುಮಾರು 900 ಎಕರೆ, ಜಾಸ್ತಿ ಪಾಲು ಜೌಗು ಮತ್ತು ಕಾಡು. ಸೌಕರ್ಯ ತೀರಾ ಕಡಿಮೆ. ನೀರು, ತಿಂಡಿ ಕಟ್ಟಿಕೊಳ್ಳಿ. ಟಾಯ್ಲೆಟ್ ಮುಗಿಸಿಕೊಂಡೇ ಹೊರಡಿ, ಹಿರಿಯರಿದ್ದಾರಲ್ವಾ.

ನನಗೆ ತುಂಬಾ ಇಷ್ಟ ಅಲ್ಲಿನ ವುಡ್ಸ್ ಕ್ರೀಕ್ ಅನ್ನೋ ತೊರೆ. ಆಳೆತ್ತರದ ಜೊಂಡಿನ ಪಕ್ಕ ಬೂದುನೀಲಿ ಬಕ ಕತ್ತು ಮಡಚಿ, ಅಲುಗಾಡದೆ ಮೀನಿಗೆ ಕಾಯುತ್ತಿರುತ್ತದೆ. ಪಕ್ಕದ ಬರ್ನ್ಟ್ ಶಿಪ್ ಕ್ರೀಕ್‌ನಲ್ಲಿ 1759ರಲ್ಲಿ ಫ್ರೆಂಚರು ಬ್ರಿಟಿಷರ ಕೈಗೆ ಸಿಗಬಾರದೆಂದು ತಮ್ಮ ಹಡಗುಗಳನ್ನೇ ಸುಟ್ಟರು. ಅಪ್ಪನಿಗೆ ಈ ಕಥೆ ಹೇಳಿ.

ಬೇಸಿಗೆಯಲ್ಲಿ ಸೊಳ್ಳೆ, ರಕ್ತ ಹೀರುವ ಉಣ್ಣಿ ಇರುತ್ತವೆ. ಎಲ್ಲರೂ ಉದ್ದ ಪ್ಯಾಂಟ್, ಶೂ ಹಾಕಿಕೊಳ್ಳಿ.