ಹಳೇ ಚರ್ಮದ ಶೂ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಪ್ರಶ್ನೆ: ಹಳೇ ಕಾಲದ ಚರ್ಮದ ಫಾರ್ಮಲ್ ಶೂಗಳನ್ನು ಸಂಗ್ರಹಿಸಬೇಕು ಅಂತ ಆಸೆ. ಆದರೆ ಫೋಟೋದಲ್ಲಿ ಎಲ್ಲವೂ ಮಿರಮಿರ ಮಿಂಚುತ್ತವೆ. ಒಳ್ಳೇ ಜೋಡಿ ಯಾವುದು ಅಂತ ಗುರುತಿಸೋದು ಹೇಗೆ?

ಉತ್ತರ: ಮಿಂಚನ್ನು ನಂಬಬೇಡಿ. ಪಾಲಿಶ್ ತಿಕ್ಕಿದರೆ ಒಣಗಿ ಸತ್ತ ಚರ್ಮವೂ ಹೊಳೆಯುತ್ತದೆ. ನೀವು ನೋಡಬೇಕಾದ ಜಾಗ ಕಾಲ್ಬೆರಳು ಮಡಚುವ ಕಡೆ ಬೀಳುವ ನೆರಿಗೆ. ನೆರಿಗೆ ಇದ್ದರೆ ಏನೂ ತೊಂದರೆ ಇಲ್ಲ, ಹಾಕಿಕೊಂಡು ನಡೆದ ಶೂ ಅಂದ ಮೇಲೆ ಅದು ಬರಲೇಬೇಕು. ಆದರೆ ಆ ನೆರಿಗೆಯ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡು, ಅದರೊಳಗೆ ಬೇರೆ ಬಣ್ಣದ ನಾರು ಇಣುಕುತ್ತಿದ್ದರೆ ಅದು ಬಿರುಕು. ಹರಿದ ನಾರನ್ನು ಯಾವ ಕ್ರೀಮೂ ಕೂಡಿಸುವುದಿಲ್ಲ. ಬಣ್ಣ, ಮೇಣ ತುಂಬಿ ಮುಚ್ಚಿರುತ್ತಾರೆ, ನಾಲ್ಕು ಹೆಜ್ಜೆ ನಡೆದರೆ ಮತ್ತೆ ಬಾಯಿ ಬಿಡುತ್ತದೆ. ಹಾಗಾಗಿ ಮಾರುವವರಿಗೆ ಒಂದೇ ಫೋಟೋ ಕೇಳಿ: ಪಕ್ಕದಿಂದ ಬೆಳಕು ಬಿಟ್ಟು, ನೆರಿಗೆಯನ್ನು ಹತ್ತಿರದಿಂದ ತೆಗೆದದ್ದು. ಕೊಡಲ್ಲ ಅಂದರೆ ಆ ಜೋಡಿ ಬಿಟ್ಟುಬಿಡಿ.

ಎರಡನೇದು, ಶೂ ಒಳಗೆ ಕೈ ಹಾಕಿ ಪಾದದ ಕೆಳಗಿನ ಇನ್‌ಸೋಲ್ ಮುಟ್ಟಿ ನೋಡಿ. ಹೊರಗಿನ ಸೋಲ್ ಸವೆದಿದ್ದರೆ ಚಿಂತೆ ಇಲ್ಲ. ರಬ್ಬರ್ ವಲ್ಕನೀಕರಣಕ್ಕೆ (ಗಂಧಕ ಸೇರಿಸಿ ಬಿಸಿ ಮಾಡಿ ರಬ್ಬರನ್ನು ಗಟ್ಟಿ ಮಾಡುವ ವಿಧಾನ) 1844ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಗುಡ್‌ಇಯರ್ ಇದ್ದಾರಲ್ಲ, ಅವರ ಮಗ 1870ರ ಆಸುಪಾಸಿನಲ್ಲಿ ಬೆಳೆಸಿದ ಹೊಲಿಗೆ ಯಂತ್ರದಿಂದ ಬಂದದ್ದು ಗುಡ್‌ಇಯರ್ ವೆಲ್ಟ್ ಪದ್ಧತಿ. ಇದರಲ್ಲಿ ಮೇಲಿನ ಚರ್ಮವನ್ನೂ ಇನ್‌ಸೋಲನ್ನೂ ವೆಲ್ಟ್ ಅನ್ನುವ ಉದ್ದನೆಯ ಚರ್ಮದ ಪಟ್ಟಿಗೆ ಹೊಲಿದು, ಆ ಪಟ್ಟಿಗೆ ಸೋಲನ್ನು ಬೇರೆಯಾಗಿ ಹೊಲಿಯುತ್ತಾರೆ. ಆದ್ದರಿಂದ ಸೋಲ್ ಬಿಚ್ಚಿ ಹೊಸದು ಹಾಕಿದರೂ ಮೇಲಿನ ಚರ್ಮಕ್ಕೆ ಪೆಟ್ಟಾಗುವುದಿಲ್ಲ. ಆದರೆ ಇನ್‌ಸೋಲೇ ಒಣಗಿ ಸೀಳಿದ್ದರೆ ಹೊಲಿಗೆಗೆ ಹಿಡಿತವೇ ಇರುವುದಿಲ್ಲ, ಅದನ್ನು ಬದಲಿಸುವುದು ಅಂದರೆ ಶೂವನ್ನು ಹೆಚ್ಚುಕಮ್ಮಿ ಮತ್ತೆ ಕಟ್ಟಿದ ಹಾಗೆ. ಎಷ್ಟೇ ಹೆಸರಾಂತ ಕಂಪನಿಯ ಮುದ್ರೆ ಇರಲಿ, ಇನ್‌ಸೋಲ್ ಸೀಳಿದ ಜೋಡಿ ನಾನಾದರೆ ಕೊಳ್ಳುವುದಿಲ್ಲ.

ಪ್ರಶ್ನೆ: ಒಮ್ಮೆಯೂ ಹಾಕದ, ಡಬ್ಬದಲ್ಲೇ ಇದ್ದ ಹಳೇ ಆಕ್ಸ್‌ಫರ್ಡ್ (ಲೇಸ್ ಕಟ್ಟುವ ಫಾರ್ಮಲ್ ಶೂ) ಜೋಡಿ ಸಿಕ್ಕಿದೆ. ನಾಳೆ ಮದುವೆಗೆ ಹಾಕಿಕೊಂಡು ಹೋಗಬಹುದಾ?

ಉತ್ತರ: ದಯವಿಟ್ಟು ಬೇಡ! ಹೊಸದಾಗಿ ಕಾಣುವುದರಿಂದಲೇ ಇವು ಜಾಸ್ತಿ ಮೋಸ ಮಾಡುವ ಜೋಡಿಗಳು. ಇಷ್ಟು ವರ್ಷ ಅಲ್ಲಾಡದೇ ಇದ್ದ ಚರ್ಮದಲ್ಲಿ ಹದ ಮಾಡುವಾಗ ಸೇರಿಸಿದ ಎಣ್ಣೆಯ ಅಂಶ, ತೇವ ಎರಡೂ ಕಮ್ಮಿಯಾಗಿರುತ್ತವೆ. ಮೊದಲ ಸಲ ಮಡಚಿದಾಗಲೇ ಚಟ್ ಅಂತ ಸೀಳಬಹುದು. ಶೂ ಟ್ರೀಯನ್ನೂ (ಆಕಾರ ಕೆಡದಿರಲಿ ಅಂತ ಶೂ ಒಳಗಿಡುವ ಅಚ್ಚು) ಈಗಲೇ ಒತ್ತಿ ತುರುಕಬೇಡಿ, ಒಣ ಚರ್ಮ ಆ ಒತ್ತಡಕ್ಕೂ ಬಿರುಕು ಬಿಡುತ್ತದೆ.

ಮೊದಲು ಲೇಸ್ ಬಿಚ್ಚಿ, ಮೆತ್ತನೆ ಬ್ರಷ್‌ನಿಂದ ದೂಳು ತೆಗೆಯಿರಿ. ಶೂ ನಾಲಗೆಯ (ಲೇಸ್ ಕೆಳಗಿನ ಪಟ್ಟಿ) ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ ಕಂಡೀಷನರ್ (ಚರ್ಮ ಮೆತ್ತಗಾಗಿಸುವ ಕ್ರೀಮು) ಒಂದು ಚುಕ್ಕೆ ಹಚ್ಚಿ ಬಣ್ಣ ಬಿಡುತ್ತದೆಯೋ, ಕಪ್ಪಾಗುತ್ತದೆಯೋ ನೋಡಿ. ಸರಿ ಇದ್ದರೆ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ತೆಳ್ಳಗೆ ಸವರಿ. ಒಳಗಿನ ಇನ್‌ಸೋಲಿಗೂ ಸ್ವಲ್ಪ ಹಚ್ಚಿ, ಅದನ್ನು ಎಲ್ಲರೂ ಮರೆಯುತ್ತಾರೆ. ಒಂದು ದಿನ ಬಿಡಿ. ಬೇಕು ಅನ್ನಿಸಿದರೆ ಮತ್ತೊಂದು ತೆಳು ಪದರ, ಮತ್ತೆ ಒಂದು ದಿನ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಬೆರಳಿನ ಭಾಗವನ್ನು ಸ್ವಲ್ಪ ಸ್ವಲ್ಪವೇ ಬಾಗಿಸಿ. ಸಲೀಸಾಗಿ ಬಗ್ಗಿದರೆ ಮನೆಯೊಳಗೆ ಹಾಕಿಕೊಂಡು ಓಡಾಡಿ. ಮದುವೆಗೆ ಈ ಸಲ ಬೇರೆ ಜೋಡಿ ಹಾಕಿ.

ಪ್ರಶ್ನೆ: ಕಪಾಟಿನಲ್ಲಿಟ್ಟ ಶೂ ಮೇಲೆ ಬೆಳ್ಳಗೆ ಪುಡಿ ಬಂದಿದೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಬೂಷ್ಟಾ?

ಉತ್ತರ: ಇರಬಹುದು, ಇಲ್ಲದೇನೂ ಇರಬಹುದು. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದರೂ ಹೀಗೇ ಕಾಣುತ್ತದೆ. ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿಟ್ಟು, ದೂರದಿಂದ ಕೆಲವೇ ಕ್ಷಣ ಗಾಳಿ ಬಿಡಿ. ಬಿಳಿ ಕರಗಿ ಮಾಯವಾದರೆ ಅದು ಕೊಬ್ಬು. ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚುವುದನ್ನು ಕಮ್ಮಿ ಮಾಡಿ. ಕರಗದೆ ಹಾಗೇ ಇದ್ದು, ಹಳಸಲು ವಾಸನೆ ಬರುತ್ತಿದ್ದರೆ, ಹತ್ತಿರದಿಂದ ನೋಡಿದಾಗ ಸಣ್ಣ ಕೂದಲಿನಂಥ ಎಳೆ ಕಂಡರೆ ಬೂಷ್ಟು.

ಬೂಷ್ಟಾಗಿದ್ದರೆ ಮೊದಲು ಆ ಜೋಡಿಯನ್ನು ಉಳಿದವುಗಳಿಂದ ದೂರ ಇಡಿ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಯಲಿನಲ್ಲಿ ಬ್ರಷ್ ಮಾಡಿ. ಆಮೇಲೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಇದು ಕೆಲವು ಬಣ್ಣಗಳನ್ನು ಎಬ್ಬಿಸುತ್ತದೆ, ಹಾಗಾಗಿ ಕಾಣದ ಕಡೆ ಪರೀಕ್ಷೆ ಇಲ್ಲೂ ತಪ್ಪಿದ್ದಲ್ಲ. ಶೂ ಮಾತ್ರ ಒರೆಸಿ ಅದೇ ಕಪಾಟಿಗೆ ವಾಪಸ್ ಇಟ್ಟರೆ ಸುಮ್ನೆ ಶ್ರಮ, ಕಪಾಟನ್ನೂ ಒರೆಸಿ ಒಣಗಿಸಬೇಕು. ಒಂದು ಸಣ್ಣ ತೇವಮಾಪಕ ಒಳಗಿಡಿ. ಗಾಳಿಯ ತೇವ 50 ಶೇಕಡಾ ಆಸುಪಾಸಿನಲ್ಲಿದ್ದರೆ ಚರ್ಮಕ್ಕೆ ಹಿತ, 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಬಟ್ಟೆ ಚೀಲ ಸಾಕು.

ಪ್ರಶ್ನೆ: ಹಳೇ ಶೂಗೆ ಪ್ರತಿ ತಿಂಗಳು ಎಣ್ಣೆ ಹಚ್ಚಬೇಕು ಅಂತಾರೆ, ಸ್ಯಾಡಲ್ ಸೋಪಿನಲ್ಲಿ (ಚರ್ಮ ತೊಳೆಯುವ ಸೋಪು) ತೊಳೀಬೇಕು ಅಂತಾರೆ. ನಿಜಾನಾ?

ಉತ್ತರ: ಎರಡೂ ಅತಿ. ಚರ್ಮ ಸ್ವಲ್ಪ ಆಮ್ಲೀಯ, ಸೋಪು ಕ್ಷಾರ. ಪದೇ ಪದೇ ತೊಳೆದರೆ ಒಣಗುತ್ತದೆ. ಎಣ್ಣೆ ಜಾಸ್ತಿಯಾದರೆ ಚರ್ಮ ಜೋತುಬೀಳುತ್ತದೆ, ಕಪ್ಪಾಗುತ್ತದೆ, ದೂಳು ಹಿಡಿಯುತ್ತದೆ. ಮುಟ್ಟಿದಾಗ ಒಣಗಿದೆ ಅನ್ನಿಸಿದರೆ ಹಚ್ಚಿ, ಕ್ಯಾಲೆಂಡರ್ ನೋಡಿ ಹಚ್ಚಬೇಡಿ.

ಪ್ರಶ್ನೆ: ಹಾಕಿಕೊಳ್ಳುವುದಿಲ್ಲ, ನೋಡಲಿಕ್ಕೆ ಮಾತ್ರ ಇಡುತ್ತೇನೆ. ಆರೈಕೆ ಬೇರೆಯಾ?

ಉತ್ತರ: ಪೂರ್ತಿ ಬೇರೆ. ಹಾಗಿಡುವ ಶೂಗೆ ಕ್ರೀಮು, ಎಣ್ಣೆ ಯಾವುದೂ ಬೇಡ ಅಂತಲೇ ನನ್ನ ಸಲಹೆ, ವಸ್ತುಸಂಗ್ರಹಾಲಯಗಳಲ್ಲೂ ಈಗ ವಾಡಿಕೆಯಾಗಿ ಹಚ್ಚುವುದಿಲ್ಲ. ತಂಪು, ಕತ್ತಲೆ, ಏರಿಳಿತ ಇಲ್ಲದ ತೇವ, ಒಳಗೆ ಆಮ್ಲರಹಿತ ಕಾಗದ, ಇಷ್ಟೇ. ಅರ್ಮೇನಿಯಾದ ಅರೇನಿ ಗುಹೆಯಲ್ಲಿ 2008ರಲ್ಲಿ ಒಂದು ಚರ್ಮದ ಶೂ ಸಿಕ್ಕಿತು, ಸುಮಾರು 5500 ವರ್ಷ ಹಳೆಯದು, ಲೇಸ್ ಸಮೇತ! ಗುಹೆ ಒಣಗಿತ್ತು, ತಂಪಾಗಿತ್ತು, ಮೇಲೆ ಕುರಿ ಹಿಕ್ಕೆ ದಪ್ಪಗೆ ಮುಚ್ಚಿಕೊಂಡಿತ್ತು. ಶೂ ಒಳಗೆ ಹುಲ್ಲು ತುಂಬಿದ್ದರು. ಆಕಾರ ಕೆಡದಿರಲಿ ಅಂತಲೋ, ಕಾಲು ಬೆಚ್ಚಗಿರಲಿ ಅಂತಲೋ ಯಾರಿಗೂ ಖಚಿತ ಇಲ್ಲ.

ಮುಂದೆ ಮನಸ್ಸು ಬದಲಾಗಿ ಹಾಕಿಕೊಳ್ಳಬೇಕು ಅನ್ನಿಸಿದರೆ, ಮೇಲೆ ಆಕ್ಸ್‌ಫರ್ಡ್ ಜೋಡಿಗೆ ಹೇಳಿದ್ದನ್ನೇ ಮಾಡಿ.

ಪ್ರಶ್ನೆ: ಹಳೇ ಪೇಟೆಂಟ್ ಲೆದರ್ (ಮೇಲೆ ಕನ್ನಡಿಯಂಥ ಹೊಳಪಿನ ಲೇಪ ಇರುವ ಚರ್ಮ) ಜೋಡಿ ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸೋದು ಹೇಗೆ?

ಉತ್ತರ: ಎಳೆಯಬೇಡಿ, ಮೇಲಿನ ಹೊಳಪಿನ ಪದರ ಕಿತ್ತು ಬರುತ್ತದೆ. ಬಿಸಿಯೂ ಮಾಡಬೇಡಿ. ಚರ್ಮದ ವಸ್ತುಗಳ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ. ಬಿಡಿಸಿಕೊಂಡು ಬಂದ ಮೇಲೆ ಎಡದ್ದು, ಬಲದ್ದು ಬೇರೆ ಬೇರೆ ಚೀಲದಲ್ಲಿಡಿ.