ಬಣ್ಣ ತೆಗೆದ ಡ್ರೈವ್‌ಗೆ ಕನ್ನಡಿ ಹೊಳಪು ಬರುತ್ತಾ?

ಪ್ರಶ್ನೆ: ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಹಳೆಯ ಸ್ಪೀಡ್ ಬೋಟ್ ಒಂದನ್ನು ಕೊಂಡಿದ್ದೇನೆ. ಸ್ಟರ್ನ್‌ಡ್ರೈವ್‌ನ (ಬೋಟಿನ ಹಿಂದೆ ಹೊರಗಿದ್ದು ಪ್ರೊಪೆಲರ್ ತಿರುಗಿಸುವ ಭಾಗ) ಕಪ್ಪು ಬಣ್ಣ ಎದ್ದು ಹೋಗಿತ್ತು, ಪೂರ್ತಿ ಕೆರೆದು ತೆಗೆದೆ. ಈಗ ಬರೀ ಅಲ್ಯೂಮಿನಿಯಂ. ಇದಕ್ಕೆ ಕನ್ನಡಿ ಹೊಳಪು ಕೊಡಬಹುದೇ? ಊರಲ್ಲಿರುವ ಅಮ್ಮ ಹುಣಸೆಹಣ್ಣು ಹಾಕಿ ಉಜ್ಜು ಅಂತಾರೆ! ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದರೆ ಹೊಳಪು ಉಳಿಯುತ್ತಾ?

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಸರಿ. ಇದಕ್ಕೆ ಬೇಡ.

ಬೋಟ್ ಓಡುವುದು ಸಿಹಿನೀರಲ್ಲಿ, ಓಡಿಸಿದ ಮೇಲೆ ಟ್ರೈಲರ್‌ನಲ್ಲಿ ಮನೆಗೆ ಬರುತ್ತದೆ ಅಂತಾದರೆ ಧೈರ್ಯವಾಗಿ ಪಾಲಿಶ್ ಮಾಡಿ. ನಾನು ಮಂಗಳೂರಿನ ಬಂದರಿನಲ್ಲಿ ಬೋಟ್ ಎಂಜಿನ್ ಬಿಚ್ಚಿ ಕಟ್ಟಿದವನು. ನಮ್ಮ ಉಪ್ಪುನೀರಲ್ಲಿ ಅಲ್ಯೂಮಿನಿಯಂ ಬರಿಮೈಯಲ್ಲಿ ಬಿಟ್ಟರೆ ಮೊದಲು ಬಿಳಿ ಹುಡಿ ಏಳುತ್ತದೆ, ಆಮೇಲೆ ಗುಳಿ ಬೀಳುತ್ತದೆ. ಸದಾ ನೀರಲ್ಲೇ ಇರುವ ಡ್ರೈವ್ ಆದರೆ ಎಪಾಕ್ಸಿ ಪ್ರೈಮರ್ ಹೊಡೆದು ಬಣ್ಣ ಹಾಕಿ, ಅಷ್ಟೇ. ಪಾಚಿ, ಚಿಪ್ಪು ಕೂರದಿರಲಿ ಅಂತ ಬೋಟಿನ ತಳಕ್ಕೆ ಹೊಡೆಯುವ ತಾಮ್ರದ ಬಣ್ಣ ಮಾತ್ರ ಡ್ರೈವ್‌ಗೆ ಬೇಡವೇ ಬೇಡ. ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಮೊದಲು ಪ್ರೊಪೆಲರ್ ಬಿಚ್ಚಿ. ಶಾಫ್ಟಿನ ಸೀಲ್, ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯಾದ ಕೊಳವೆ), ನೀರು ಎಳೆಯುವ ತೂತು ಎಲ್ಲಕ್ಕೂ ಟೇಪ್ ಸುತ್ತಿ. 320 ನಂಬರಿನ ವಾಟರ್ ಪೇಪರಿನಿಂದ ಶುರು ಮಾಡಿ, 400, 600, 800, 1000 ಅಂತ ಏರುತ್ತಾ ಹೋಗಿ. ನೀರು ಹಾಕಿಕೊಂಡೇ ಉಜ್ಜಿ. ಒಂದು ನಂಬರಿನಲ್ಲಿ ಅಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದ ಉಜ್ಜಿ. ಹಿಂದಿನ ಗೀರು ಪೂರ್ತಿ ಹೋಯಿತೋ ಇಲ್ಲವೋ ಆಗ ಕಣ್ಣಿಗೇ ಗೊತ್ತಾಗುತ್ತದೆ. 320ರ ಒಂದು ಗೀರು ಉಳಿದರೂ ಪಾಲಿಶ್ ಆದ ಮೇಲೆ ಅದೇ ಎದ್ದು ಕಾಣುವುದು.

ಉಜ್ಜುವಾಗ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಂಡರೆ ಅದು ಕೊಳೆಯಲ್ಲ. ಎರಕ ಹೊಯ್ಯುವಾಗ ಒಳಗೆ ಉಳಿದ ಗಾಳಿಯ ತೂತು. ಅದನ್ನು ಅಳಿಸಲು ಹೋಗಿ ಇನ್ನೂ ಉಜ್ಜಿದಿರೋ, ಹೊಸ ತೂತು ಬಾಯಿ ತೆರೆಯುತ್ತವೆ! ಅಲ್ಲಿಗೇ ನಿಲ್ಲಿಸಿ. ಸೀರಿಯಲ್ ನಂಬರನ್ನೂ ಅಳಿಸಿಬಿಡಬೇಡಿ, ಸ್ಪೇರ್ ತರಿಸಲು ಬೇಕಾಗುತ್ತದೆ.

ಆಮೇಲೆ ಬಟ್ಟೆಯ ಬಫ್ ಚಕ್ರಕ್ಕೆ ಮೊದಲು ಕಂದು ಪಾಲಿಶ್ ಕಾಂಪೌಂಡ್, ಕೊನೆಗೆ ಬಿಳಿ ಕಾಂಪೌಂಡ್ ಹಚ್ಚಿ ಹೊಳಪು ಕೊಡಿ. ಮಾಸ್ಕ್ ಹಾಕಿಕೊಳ್ಳಿ. ಒಣ ಅಲ್ಯೂಮಿನಿಯಂ ಹುಡಿಗೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲಿ ಕಬ್ಬಿಣ ಗ್ರೈಂಡ್ ಮಾಡಿ ಕಿಡಿ ಹಾರಿಸಬೇಡಿ. ಕಬ್ಬಿಣದ ಬ್ರಷ್, ಸ್ಟೀಲ್ ವುಲ್, ಕಾಸ್ಟಿಕ್ ಇರುವ ಕ್ಲೀನರ್ ಮೂರೂ ಹತ್ತಿರ ಸುಳಿಯದಿರಲಿ.

ಕ್ಲಿಯರ್ ಕೋಟ್? ನಾನಂತೂ ಹೊಡೆಯಲ್ಲ. ಅಷ್ಟು ನುಣುಪಾದ ಮೈಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಒಂದು ಕಲ್ಲು ತಾಗಿ ಚಕ್ಕೆ ಎದ್ದರೆ ನೀರು ಅಡಿಗೆ ನುಗ್ಗಿ, ಬಿಳಿ ಎಳೆ ಎಳೆಯಾಗಿ ತುಕ್ಕು ಹರಡುತ್ತದೆ. ಸುಮ್ನೆ ವ್ಯಾಕ್ಸ್ ಹಚ್ಚಿ. ಮಂಕಾದಾಗ ಮತ್ತೆ ಉಜ್ಜಬೇಕು, ಈ ಶೋಕಿಗೆ ಅದೇ ಬೆಲೆ.

ಆನೋಡ್ ಅಂದರೆ ಡ್ರೈವ್‌ನ ಬದಲು ತಾನು ಸವೆಯಲಿ ಅಂತ ಕೂರಿಸುವ ಲೋಹದ ತುಂಡು. ಬಣ್ಣ ಇಲ್ಲದ ಡ್ರೈವ್‌ನಲ್ಲಿ ಅದರ ಮೇಲೆ ಹೊರೆ ಜಾಸ್ತಿ. ಆನೋಡ್‌ಗೆ ಪಾಲಿಶ್, ವ್ಯಾಕ್ಸ್, ಬಣ್ಣ ಏನೂ ಬೇಡ. ಅರ್ಧ ಸವೆದರೆ ಬದಲಿಸಿ. ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ ಒಳ್ಳೆಯದು. ಫ್ಲೋರಿಡಾ ಕಡೆ ಸಮುದ್ರಕ್ಕೆ ಒಯ್ಯುವ ಯೋಚನೆ ಇದ್ದರೆ ಅದನ್ನು ತೆಗೆದು ಅಲ್ಯೂಮಿನಿಯಂ ಆನೋಡ್ ಹಾಕಿಸಿ. ಉಪ್ಪುನೀರಲ್ಲಿ ಮೆಗ್ನೀಸಿಯಂ ಬಹಳ ಬೇಗ ಕರಗಿಹೋಗುತ್ತದೆ.